ಹೊಡತದ ಹಂಗಾಮಿಗೆ ಒಂದು ಶಬ್ದ

ನನಗ ಸಿಟ್ಟು ಭಾಳ ಲಗೂನ ಬರ್ತೈತಿ. ನವನಗರದಾಗ ನನ್ನ ಕಡೆ ಸ್ಪ್ಯಾನಿಷ್ ಕಲಿಯಾಕ ಬರೋ ಹುಡುಗ್ಯಾರು ಮೊದಲ ಇದನ್ನ ಕಲೀತಾರ, ಭಾಷಾ ಆಮ್ಯಾಲ. ಆ ಭಾಷಾನ ನಾ ಪುಸ್ತಕ ಓದಿ ಕಲ್ತಿದ್ದಲ್ಲ. ಪುಣೆದಾಗ ಒಂದು ಕಾಲ್ ಸೆಂಟರಿನ್ಯಾಗ ಕುಂತು, ಸಮುದ್ರದ ಆಕಡೆ ಇರೋ ಗಿರಾಕಿಗಳ ಕಡಿಂದ ವರ್ಷಗಟ್ಟಲೆ ಬೈಸ್ಕೊಂಡು ಕಲ್ತದ್ದು. ಊರಿಗೆ ವಾಪಸ್ ಬಂದಾಗ ನಮ್ಮಣ್ಣ ಭಾಳ ಕಾಡಿಸಿದ. "ಬಾಗಲಕೋಟಿಯಾಗ ಸ್ಪ್ಯಾನಿಷ್ ಯಾರ ಜೋಡಿ ಮಾತಾಡ್ತೀಯವಾ, ಕಾಯಿಪಲ್ಲೆ ಮಾರಾಕಿ ಜೋಡೇನು?" ಅಂತಿದ್ದ. ಆದ್ರ ಮನ್ಯಾಗ ಕುಂತು ಈ ಭಾಷಾದಾಗ ಫೋನ್ ಎತ್ತವರಿಗೆ ಹುಬ್ಬಳ್ಳಿ ಕಂಪನಿಯೊಂದು ಕೆಲಸ ಕೊಡ್ತೈತಿ ಅಂತ ಸುದ್ದಿ ಹಬ್ಬಿತು ನೋಡ್ರಿ, ಹುಡುಗ್ಯಾರು ಬರಾಕ ಹತ್ತಿದ್ರು. ದೂರ ಇದ್ದವರು ಫೋನಿನ್ಯಾಗ ಕಲೀತಾರ.

ಕ್ರಿಯಾಪದ ಕಷ್ಟ ಅಂತ ಎಲ್ಲಾರೂ ಅಳ್ತಾರ. ಅದಕ್ಕಿಂತ ಕಷ್ಟ ಕಾಲದ ಪಾಠ. ನಮ್ಮ ಬಾಯಾಗ 'ಕಾಲ' ಅಂದ್ಬಿಟ್ರ ಮುಗೀತು. ಮಳಿಗಾಲ, ಬರಗಾಲ, ಸುಗ್ಗಿಕಾಲ, ಕೆಟ್ಟಕಾಲ, ಎಲ್ಲಾಕ್ಕೂ ಅದೊಂದ. ಸ್ಪ್ಯಾನಿಷಿನವರು ಹಂಗ ಬಿಡಂಗಿಲ್ಲ. ಬ್ಯಾಸಗಿ, ಚಳಿಗಾಲ ಇವು ಎಸ್ತಾಸಿಯೋನ್. ಇವನ್ನ ಮುಗಿಲು ಮಾಡ್ತೈತಿ, ಯಾರ ಕೈಯಾಗೂ ಇಲ್ಲ. ಬದಾಮಿಗೆ ಪ್ರವಾಸಿಗರು ಬರೋ ಸೀಸನ್, ಇಳಕಲ್ಲಿನ ಅಂಗಡಿಯಾಗ ಲಗ್ನದ ಸೀರಿ ಖಾಲಿ ಆಗೋ ಸೀಸನ್, ಇವು ತೆಂಪೊರಾದಾ. ಮಂದಿ ಶುರು ಮಾಡ್ತಾರ, ಮಂದಿನ ಮುಗಸ್ತಾರ. ಆಗಿ ಹೋದದ್ದು, ಅಂದ್ರ ಡ್ಯಾಮಿನ ನೀರಾಗ ಮುಳುಗಡಿ ಆಗೋಕಿಂತ ಮೊದಲ ನಾವು ಹಳೇ ಊರಾಗ ಇದ್ದ ಕಾಲ, ಅದು ಏಪೊಕಾ. ಇನ್ನ ಕಬ್ಬು ಕಡದು ನುರಿಸೋ ಹಂಗಾಮಿಗಂತೂ ಅವರ ಹತ್ರ ಬ್ಯಾರೆ ಶಬ್ದನ ಐತಿ, ಸಾಫ್ರಾ. ಪುಣೆದಾಗ ಆ ಶಬ್ದ ಮೊದಲ ಸಲ ಕಿವಿಗೆ ಬಿದ್ದಾಗ ನನಗ ನಮ್ಮೂರ ರಸ್ತೆದಾಗ ಕಬ್ಬಿನ ಟ್ರಾಕ್ಟರ್ ಹಿಂದ ಸಿಕ್ಕೊಂಡ ಬಸ್ಸು ನೆನಪಾಗಿ, ಗಿರಾಕಿ ಬೈಯಾಕತ್ತಿದ್ರೂ ನಕ್ಕಿದ್ದೆ.

ಫೋನಿನ್ಯಾಗ ಕಲಿಯೋರೊಳಗ ಗುಡೂರ ಕಡೆ ಲಗ್ನ ಮಾಡಿ ಕೊಟ್ಟ ಹುಡುಗಿಯೊಬ್ಬಳು ಇದ್ಲು. ತವರುಮನಿ ಬನಶಂಕರಿ ಹತ್ರ. ಡಿಗ್ರಿ ಮುಗಿಸಿದಾಕಿ, ಶಾಣ್ಯಾಕಿ. ಗಂಡಂದು ಟ್ರಾಕ್ಟರ್ ಇತ್ತು. ಹಂಗಾಮಿನ್ಯಾಗ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಓಡಾಡ್ತಿದ್ದ, ಹಂಗಾಮು ಮುಗದ್ರ ಟ್ರಾಕ್ಟರ್ ಬೇವಿನ ಗಿಡದ ಕೆಳಗ, ಅವ ಮನ್ಯಾಗ. ಸೊಸಿ ಪಾಠಕ್ಕ ಅತ್ತಿ ಒಂದು ಕರಾರು ಹಾಕಿದ್ಲಂತ. ಪಾಠ ಪಡಸಾಲ್ಯಾಗ ಆಗಬೇಕು, ಫೋನ್ ಸ್ಪೀಕರ್ ಮ್ಯಾಲ ಇರಬೇಕು, ತಾನೂ ಎದುರಿಗೆ ಕುಂತಿರಬೇಕು. ಹಿಂಗಾಗಿ ವಾರಕ್ಕ ಎರಡು ಸಂಜಿ ನನಗ ಆ ಹುಡುಗಿ ದನಿ ಜೋಡಿ ಮುದುಕಿ ಮರದಾಗ ಜ್ವಾಳ ಕೇರೋ ಸಪ್ಪಳನೂ ಕೇಳ್ತಿತ್ತು.

ಮುದುಕಿ ಸುಮ್ಮನರ ಕುಂದ್ರತಿದ್ಲೇನು? ನಡುನಡುವ ಬಾಯಿ ಹಾಕಾಕಿ. "ಅಕ್ಕಾರ, ಹಂಗಾರ ಕುರಿ ಉಣ್ಣಿ ಕತ್ತರಸೋದು ಯಾವುದರಾಗ ಬರ್ತೈತ್ರಿ?" ಅಂತ ಒಂದಿನ ಕೇಳಿದ್ಲು.

"ತೆಂಪೊರಾದಾರೀ ಅಮ್ಮಾರ," ಅಂದೆ. "ಕತ್ರಿ ಹಿಡಿಯಾಂವ ಮನಷ್ಯಾ ಅಲ್ಲೇನ್ರಿ?"

"ತೆಂಪೊರಾದಾ," ಅಂತ ಆ ಶಬ್ದಾನ ಎಲಿ ಅಡಿಕಿ ಜಗದಂಗ ಜಗದ್ಲು. ಒಬ್ಬಾಕಿ ಫೀ ಕೊಟ್ಟು ಇಬ್ಬರು ಕಲಿಯಾಕತ್ತಾರ ಅಂತ ನಾ ಒಳಗೊಳಗ ಉರದೆ.

ಹುಡುಗಿ ಮ್ಯಾಲೂ ಉರೀತಿದ್ದೆ. ಏನ ಹೇಳಲಿ, "ಇನ್ನೊಮ್ಮೆ ಹೇಳ್ರಿ ಅಕ್ಕಾರ" ಅಂತಿದ್ಲು. ಶಬ್ದ ಹೇಳಿದ್ರ ಇನ್ನೊಮ್ಮೆ, ವಾಕ್ಯ ಹೇಳಿದ್ರ ಇನ್ನೊಮ್ಮೆ. "ಕಿವಿ ಎಲ್ಲೆ ಇಟ್ಟು ಕುಂತೀಯವಾ, ಅಡಗಿಮನ್ಯಾಗೇನು?" ಅಂತ ಬೈದ್ರ ಆಕಡಿಂದ ಸಣ್ಣಗ ನಗು ಬರ್ತಿತ್ತು.

ಹಂಗಾಮು ಮುಗದು ಬಿಸಲು ಏರಿತ್ತು. ಆವತ್ತಿನ ಪಾಠದಾಗ ನಾ ಹೇಳಿದೆ, ಎಸ್ತಾಸಿಯೋನ್ ಹಾಕಿ ನಿನ್ನ ಮನಿ ಬಗ್ಗೆ ನಿನ್ನದ ಒಂದು ವಾಕ್ಯ ಹೇಳು, ಪುಸ್ತಕದ್ದು ಬ್ಯಾಡ ಅಂತ. ಆಕಿ ಪಾಠ ಒಪ್ಪಿಸೋ ದನಿಯಾಗ ಹೇಳಿದ್ಲು: "ಎನ್ ಮಿ ಕಾಸಾ ಆಯ್ ದೋಸ್ ಎಸ್ತಾಸಿಯೋನೆಸ್: ಲಾ ಸಾಫ್ರಾ ಇ ಲೋಸ್ ಗೋಲ್ಪೆಸ್."

ನಮ್ಮ ಮನ್ಯಾಗ ಎರಡು ಕಾಲ ಅದಾವು, ಕಬ್ಬಿನ ಹಂಗಾಮು, ಆಮ್ಯಾಲ ಹೊಡತ.

ನಾ ಮಾಸ್ತರಕಿ ಅಲ್ಲೇನ್ರಿ, ಬಾಯಿ ಮೊದಲ ಓಡಿತು. "ತಪ್ಪು. ಹೊಡತ ಎಸ್ತಾಸಿಯೋನ್ ಹೆಂಗ ಆಗ್ತೈತಿ, ಅದನ್ನ ಮುಗಿಲು ಮಾಡ್ತೈತೇನು? ತೆಂಪೊರಾದಾ ಅನ್ನು," ಅಂದೆ. ಅಂದ ಮ್ಯಾಲ ನನ್ನ ಮಾತು ನನಗ ಕೇಳಿಸಿತು.

ಆಕಡೆ ಮರದ ಸಪ್ಪಳ ನಿಂತಿತು. "ಏನ ಹೇಳಿದ್ಲ್ರೀ ಅಕ್ಕಾರ ನಮ್ಮ ಸೊಸಿ?" ಅಂತ ಮುದುಕಿ ಕೇಳಿದ್ಲು.

"ಮಳಿ ಬಗ್ಗೆ ಹೇಳಿದ್ಲ್ರೀ," ಅಂದೆ.

"ಹೌದ್ರಿ?" ಅಂದ್ಲು. ಮತ್ತ ಮರ ಸಪ್ಪಳ ಮಾಡಾಕ ಹತ್ತಿತು.

ಆವತ್ತಿನಿಂದ ನಮ್ಮ ಪಾಠ ಪಾಠ ಉಳೀಲಿಲ್ಲ. ಆ ಮನ್ಯಾಗ ಕನ್ನಡದಾಗ ಆಡೋ ಒಂದೊಂದು ಮಾತಿಗೂ ಕಾವಲು ಇತ್ತು. ಸ್ಪ್ಯಾನಿಷಿಗೆ ಇರಲಿಲ್ಲ. ನಾ ಪ್ರಶ್ನಿ ಕೇಳೋ ರೂಢಿ ಮಾಡಿಸೋರಂಗ ಕೇಳ್ತಿದ್ದೆ, ಆಕಿ ಉತ್ತರ ಒಪ್ಪಿಸೋರಂಗ ಒಪ್ಪಿಸ್ತಿದ್ಲು. ಯಾತರಿಂದ ಹೊಡೀತಾನ? ಕೈಲೆ. ಟ್ರಾಕ್ಟರಿನ ಫ್ಯಾನ್ ಬೆಲ್ಟಿನಿಂದ. ಒಮ್ಮೆ ಬಾರಕೋಲಿನಿಂದ. ಎಲ್ಲೆ? ಬೆನ್ನಿಗೆ, ತೊಡಿಗೆ, ಸೀರಿ ಮುಚ್ಚೋ ಕಡೆ. ಯಾಕ? ಸಾರಿನ್ಯಾಗ ಉಪ್ಪು ಕಡಿಮಿ ಆಗಿತ್ತು. ಉಪ್ಪು ಜಾಸ್ತಿ ಆಗಿತ್ತು. ಮುದುಕಿಗೆ ಸಂಶೆ ಬರಬಾರದು ಅಂತ ನಾ ಸುಳ್ಳ ನಕ್ಕೆ. ಬೆಲ್ಟಿಗೆ ಏನಂತಾರ ಅಂತ ಆಕಿಗೆ ಗೊತ್ತಿರಲಿಲ್ಲ. ನಾ ಹೇಳಿಕೊಟ್ಟೆ. ಅಂಥಾ ಶಬ್ದ ಹೇಳಿಕೊಡೋ ದಿನ ಬರ್ತೈತಿ ಅಂತ ಯಾವ ಮಾಸ್ತರಕಿಗೂ ಅನಸಬಾರದು.

ಒಂದಿನ ನಾ ಸಿಟ್ಟಿನ್ಯಾಗ ಕೇಳಿದೆ, ಹಾಳಾದ ಆ ಸ್ಪೀಕರ್ ಬಂದ್ ಮಾಡಿ ಫೋನ್ ಕಿವಿಗೆ ಹಚ್ಚಿಕೊಳ್ಳಾಕ ಆಗಂಗಿಲ್ಲೇನು ಅಂತ. ಎಡಗಿವಿ ಹೋದ ವರ್ಷದ ಹೊಡತಕ್ಕ ಒಡದೈತಿ, ಬಲಗಿವಿಯಾಗ ಗುಂಯ್ ಅನ್ನೋದು ನಿಲ್ಲಂಗಿಲ್ಲ, ಸ್ಪೀಕರ್ ಇದ್ರ ನೀವು ಅಂದ ಶಬ್ದಾನ ಅತ್ತಿ ಒಮ್ಮೊಮ್ಮೆ ಮತ್ತೊಂದು ಸಲ ಅಂತಾಳ, ಆಕಿ ತುಟಿ ನೋಡಿ ತಿಳ್ಕೋತೇನಿ ಅಂತ ಹುಡುಗಿ ಹೇಳಿದ್ಲು. ಆಮ್ಯಾಲ ಆ ಹುಡುಗಿ "ಇನ್ನೊಮ್ಮೆ ಹೇಳ್ರಿ" ಅಂದಾಗೆಲ್ಲಾ ನಾ ಹೇಳಿದೆ, ಹತ್ತು ಸಲ ಕೇಳಿದ್ರ ಹತ್ತು ಸಲ ಹೇಳಿದೆ.

ತವರುಮನಿಗೆ ಹೋಗಂಗಿಲ್ಲೇನು ಅಂದೆ. ಹೋಗಿದ್ಲಂತ. ಬೆನ್ನ ತೋರಿಸಿದ್ಲಂತ. ಹಡದವ್ವ ಅರಿಷಿಣ ಹಚ್ಚಿ, "ಬ್ಯಾಸಗ್ಯಾಗ ಗಂಡಸರಿಗೆ ಕೆಲಸ ಇರಂಗಿಲ್ಲ, ತಲಿ ಕಾಯ್ತೈತಿ. ಅದೊಂದು ಕಾಲ ಇರ್ತೈತವಾ. ಹಂಗಾಮು ಶುರು ಆತಂದ್ರ ಅವನ ಸುಮ್ಮಾಗ್ತಾನ," ಅಂದ್ಲಂತ. ಅಪ್ಪ ಬೈಕಿನ ಮ್ಯಾಲ ಕುಂದ್ರಿಸಿಕೊಂಡು ಬಂದು ಗುಡೂರಿಗೆ ಬಿಟ್ಟು ಹೋದನಂತ. ಅಕ್ಕಪಕ್ಕದವರೂ ಅದನ್ನ ಅಂತಾರಂತ. ಅತ್ತಿನೂ ಅದನ್ನ ಅಂತಾಳಂತ. ಎಲ್ಲಾರ ಬಾಯಾಗೂ ಒಂದ ಮಾತು, ಅದೊಂದು ಕಾಲ. ಮನಷ್ಯಾ ಎತ್ತಿದ ಕೈಗೆ ಇವರೆಲ್ಲಾ ಸೇರಿ ಬಿಸಲಿನ ಹೆಸರು ಇಟ್ಟಿದ್ರು. ನನಗ ಮೈ ಹತ್ತಿ ಉರೀತು.

ಪೊಲೀಸರಿಗೆ ಹೇಳ್ತೇನಿ ಅಂದೆ. ಆಕಿ ಹೆದರಿದ್ಲು. ಅವರು ಬಂದು ಕೇಳ್ತಾರ, ಅತ್ತಿ ಏನೂ ಆಗಿಲ್ಲ ಅಂತಾಳ, ಅವರು ಹೋಗ್ತಾರ, ಹೋದ ಮ್ಯಾಲ ಅವ ನನ್ನ ಉಳಸಂಗಿಲ್ಲ ಅಂದ್ಲು. ಹುಬ್ಬಳ್ಳಿ ಕಂಪನಿ ಪರೀಕ್ಷಾ ಹತ್ರ ಬಂದಿತ್ತು. ಕೆಲಸ ಸಿಕ್ಕ ದಿನ ನಿನ್ನ ಹೆಣ ಬೀಳ್ತೈತಿ ಅಂತ ಗಂಡ ಹೇಳಿದ್ನಂತ. ಬಾಯಿಮಾತಿಗೆ ಅಲ್ಲ, ಅವನ ಕಣ್ಣು ನೋಡೀನಿ ಅಂದ್ಲು. ಯಾವಾಗ ಬಂದ್ರೂ ನಮ್ಮ ಮನಿ ಬಾಗಲಾ ತಗದಿರ್ತೈತಿ, ಬಂದುಬಿಡು ಅಂದೆ. "ಬಾಗಲದಾಗ ಅತ್ತಿ ಕುಂತಿರ್ತಾಳ್ರಿ," ಅಂದ್ಲು.

ಆ ಮುದುಕಿ ಮ್ಯಾಲ ನನಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಗ ಸೊಸಿನ್ನ ದನಾ ಬಡದಂಗ ಬಡಿಯೂವಾಗ ಈಕಿ ಜ್ವಾಳ ಕೇರಿಕೋತ ಕುಂತಿರ್ತಾಳ. ಮುಂದಿನ ಪಾಠದಾಗ ನಾ ಬೇಕಂತನ ದನಿ ಏರಿಸಿ, ಕನ್ನಡದಾಗ, ಆಕಿ ಕಿವಿಗೆ ಬೀಳೂಹಂಗ ಹೇಳಿದೆ: "ಮತ್ತೊಮ್ಮೆ ಹೇಳ್ತೇನಿ ಕೇಳು. ಮುಗಿಲು ಮಾಡಿದ್ರ ಎಸ್ತಾಸಿಯೋನ್. ಅದಕ್ಕ ಯಾರನ್ನೂ ಬೈಯಾಕ ಬರಂಗಿಲ್ಲ. ಮನಷ್ಯಾ ತಾನ ಕೈ ಎತ್ತಿ ಶುರು ಮಾಡಿದ್ದು ತೆಂಪೊರಾದಾ. ಅವ ಶುರು ಮಾಡ್ಯಾನಂದ್ರ ಅದನ್ನ ಬಂದ್ ಮಾಡಾಕೂ ಬರ್ತೈತಿ. ತಿಳೀತೇನು?"

"ತಿಳೀತ್ರಿ," ಅಂತ ಉತ್ತರ ಬಂತು. ಹುಡುಗಿ ದನಿ ಅಲ್ಲ, ಮುದುಕಿದು. ನಾ ಹಲ್ಲು ಕಡದು ಪಾಠ ಮುಗಿಸಿದೆ.

ಪರೀಕ್ಷಾ ನಾಳೆ ಅನ್ನೂವಾಗ, ಮಧ್ಯಾಹ್ನ ಊಟಕ್ಕ ಕುಂತಿದ್ದೆ, ಹುಡುಗಿ ನಂಬರಿನಿಂದ ಫೋನ್ ಬಂತು. ಎತ್ತಿದ್ರ ಮುದುಕಿ. ದನಿ ಸಂತಿಯೊಳಗ ಮಾತಾಡಿಸಿದಂಗ ತಣ್ಣಗ ಇತ್ತು. "ಅಕ್ಕಾರ, ಇವತ್ತ ಪಾಠ ಆಗಂಗಿಲ್ರಿ."

ಹಿಂದ ಏನೋ ಬಿದ್ದ ಸಪ್ಪಳ. ಹಿತ್ತಾಳಿ ಕೊಡ ಇರಬೇಕು. ಆಮ್ಯಾಲ ಹುಡುಗಿ ಚೀರಿದ ದನಿ, ಆ ದನಿಯ ಮ್ಯಾಲ ಗಂಡಸಿನ ದನಿ: "ಯಾರಿಗೆ ಫೋನ್ ಹಚ್ಚೀಬೇ ಮುದುಕಿ?"

"ಸಾಲಿ ಅಕ್ಕಾರಿಗಪಾ. ಇವತ್ತ ಬರಂಗಿಲ್ಲ ಅಂತ ಹೇಳಾಕತ್ತೇನಿ," ಅಂತ ಅವನಿಗೆ ಹೇಳಿ ನನಗ ಹೇಳಿದ್ಲು: "ತೆಂಪೊರಾದಾ ಐತ್ರಿ ಅಕ್ಕಾರ. ತೆಂಪೊರಾದಾ ಶುರು ಆಗೈತಿ, ಈಗ."

ಆಮ್ಯಾಲ ಫೋನ್ ಎಲ್ಲೋ ಹೋಗಿ ಬಡೀತು. ಲೈನ್ ಕಟ್ ಆತು.

ನಾ ಎಂಜಲಗೈಲೆ ಪೊಲೀಸರಿಗೆ ಫೋನ್ ಹಚ್ಚಿದೆ. ಕೊಲಿ ಆಗಾಕತ್ತೈತಿ, ಓಡ್ರಿ ಅಂತ ಊರು, ಓಣಿ, ಬೇವಿನ ಗಿಡ, ಟ್ರಾಕ್ಟರ್ ಎಲ್ಲಾ ಹೇಳಿದೆ. ನಮ್ಮಣ್ಣ ಆಫೀಸಿನಿಂದ ಊಟಕ್ಕ ಬಂದಿದ್ದ, ಅವನ ತಾಟು ಕಸಗೊಂಡು ಎಬ್ಬಿಸಿದೆ. ನಮ್ಮಪ್ಪ ಕುರಿ ಕಾಯೋವಾಗ ಹಿಡೀತಿದ್ದ ಬಡಿಗಿ ಮೂಲ್ಯಾಗ ಇರ್ತೈತಿ. ಅಪ್ಪ ಹೋದ ಮ್ಯಾಲ ಅದನ್ನ ಬೀರಪ್ಪನ ಗುಡಿಗೆ ಹೋಗುವಾಗಷ್ಟ ತಗೀತಿದ್ವಿ. ಅದನ್ನ ಎತ್ಕೊಂಡು ಕಾರಿನ್ಯಾಗ ಕುಂತೆ. "ಅದು ಯಾಕವಾ?" ಅಂದ ಅಣ್ಣ. "ನೀ ಗಾಡಿ ಹೊಡಿ," ಅಂದೆ. ದಾರಿ ತುಂಬ ಬಿಸಲು ಕುದೀತಿತ್ತು, ನಾ ಒಂದ ಸವನ ಬೈಕೋತ ಇದ್ದೆ. ಯಾರಿಗೆ ಅಂತ ಕೇಳಿದ್ರ ಹೇಳಾಕ ಬರಂಗಿಲ್ಲ, ಎಲ್ಲಾರಿಗೂ.

ಬೇವಿನ ಗಿಡ, ಟ್ರಾಕ್ಟರ್, ಮನಿ. ಓಣಿ ಮಂದಿ ಕಟ್ಟಿ ಮ್ಯಾಲ ನಿಂತು ನೋಡಾಕತ್ತಿದ್ರು. ಪೊಲೀಸರು ಇನ್ನೂ ಮುಟ್ಟಿರಲಿಲ್ಲ. "ಗಂಡ ಹೆಂಡ್ತಿ ಜಗಳರೀ, ನೀವ್ಯಾಕ," ಅಂತ ಒಬ್ಬಂವ ಅಡ್ಡ ಬಂದ. ಅವನ್ನ ಬಡಿಗಿಲೆ ಸರಿಸಿದೆ.

ನಡುಮನಿ ಹೊಸ್ತಿಲಕ್ಕ ಅಡ್ಡ ಮುದುಕಿ ಕುಂತಿದ್ಲು. ಎರಡೂ ಕೈ ಬಾಗಲಾ ಚೌಕಟ್ಟಿಗೆ ಒತ್ತಿ ಹಿಡದಿದ್ಲು. ಹಣಿ ಸೀಳಿ ರಕ್ತ ಕಣ್ಣಾಗ ಇಳದು, ಗಲ್ಲದ ಮ್ಯಾಲ ಹರದು, ಕುಬಸ ತೊಯ್ದಿತ್ತು. ಆಕಿ ಬೆನ್ನ ಹಿಂದ, ಒಳಗ, ಹುಡುಗಿ ಮೂಲ್ಯಾಗ ಮುದ್ದಿ ಆಗಿ ಬಿದ್ದಿದ್ಲು. ಒಂದು ಕಣ್ಣು ಮುಚ್ಚಿ ಹೋಗಿತ್ತು, ಬಾಯಿಂದ ರಕ್ತ ಬರಾಕತ್ತಿತ್ತು. ಮಗ ಅನ್ನಾಂವ ಅವ್ವನ ತಲಿಗೂದಲಾ ಹಿಡದು ಹೊಸ್ತಿಲಿಂದ ಈಚಿಗೆ ಜಗ್ಗಾಕತ್ತಿದ್ದ. ಇನ್ನೊಂದು ಕೈಯಾಗ ಫ್ಯಾನ್ ಬೆಲ್ಟ್. ಆಕಿ ಚೀರಿರಲಿಲ್ಲ, ಕೈ ಬಿಟ್ಟಿರಲಿಲ್ಲ.

ನಾ ಹೊಡದೆ. ಬೆಲ್ಟ್ ಹಿಡದ ಕೈಗೆ, ಮಣಿಕಟ್ಟಿನ ಮ್ಯಾಲ, ಅಪ್ಪನ ಬಡಿಗಿಲೆ, ನನ್ನ ಮೈಯಾಗ ಇದ್ದಷ್ಟೂ ಸಿಟ್ಟು ಹಾಕಿ ಹೊಡದೆ. ಎಲುವು ಮುರದ ಸಪ್ಪಳ ಕೇಳ್ತು. ಸುಳ್ಳು ಯಾಕ ಹೇಳ್ಬೇಕು, ಭಾಳ ಸಮಾಧಾನ ಆತು. ಇನ್ನೊಂದು ಬಿಡೋದಿತ್ತು, ಅಷ್ಟರಾಗ ಅಣ್ಣ ನನ್ನ ಹಿಂದಿಂದ ತೆಕ್ಕಿ ಬಿದ್ದ. ಪೊಲೀಸ್ ಜೀಪು ಬಂತು.

ಬಾಗಲಕೋಟಿ ದವಾಖಾನ್ಯಾಗ ಒಂದ ವಾರ್ಡಿನ್ಯಾಗ ಅತ್ತಿ ಸೊಸಿಗೆ ಎದುರುಬದರು ಕಾಟ್ ಸಿಕ್ಕವು. ಹುಡುಗಿಗೆ ಪಕ್ಕೆಲುವು ಮುರದಿತ್ತು, ಹಲ್ಲು ಹೋಗಿತ್ತು. ಮುದುಕಿ ಹಣಿಗೆ ಹೊಲಗಿ ಹಾಕಿದ್ರು. ನಾ ಆಕಿ ಕಾಟಿನ ಬಾಜೂಕ ಕುಂತು, "ನಿಮಗ ಎಲ್ಲಾ ಗೊತ್ತಾಗ್ತಿತ್ತೇನ್ರಿ?" ಅಂದೆ.

"ನನಗೇನ ಆ ಭಾಷಾ ಬರ್ತೈತ್ರಿ?" ಅಂದ್ಲು. "ಆಕಿ ಮಾತಾಡ್ತಿದ್ಲು, ನೀವು ಮಳಿ ಅಂತಿದ್ರಿ. ಮಳಿ ಬಗ್ಗೆ ಮಾತಾಡೋರ ಮಾರಿ ಹಂಗ ಇರಂಗಿಲ್ರಿ ಅಕ್ಕಾರ. ಬಾಗಲದಾಗ ನಾ ಯಾಕ ಕುಂದ್ರತಿದ್ದೆ ಅಂದ್ಕೊಂಡೀರಿ? ಅವ ಬರೋದು ಮೊದಲ ಕಾಣಲಿ ಅಂತ. ನನ್ನ ಗಂಡನೂ ಹಿಂಗ ಇದ್ದ. ನಮ್ಮತ್ತಿ ಅದೊಂದು ಕಾಲ ಅಂತಿದ್ಲು, ನಾನೂ ಹಂಗ ಅನ್ಕೊಂಡೆ, ಈಕಿಗೂ ಹಂಗ ಹೇಳಿದೆ. ಮುಗಿಲು ಮಾಡಿದ್ದು ಬ್ಯಾರೆ, ಮನಷ್ಯಾ ಮಾಡಿದ್ದು ಬ್ಯಾರೆ ಅಂತ ನನಗ್ಯಾರೂ ಬಿಡಿಸಿ ಹೇಳಿರಲಿಲ್ಲ ನೋಡ್ರಿ." ಆಮ್ಯಾಲ ನೀರು ಕೇಳಿದ್ಲು, ಕುಡಿಸಿದೆ.

ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಾಕ ಅವನ್ನೂ ಅದ ದವಾಖಾನಿಗೆ ಕರಕೊಂಡು ಬಂದಿದ್ರು. ಜೋಡಿ ಒಬ್ಬ ಪೇದೆ. ವಾರ್ಡಿನ ಬಾಗಲದಾಗ ನಿಂತು ಅಳಾಕ ಹತ್ತಿದ. ಖರೆನ ಅಳು, ಹುಡುಗರಂಗ. "ಅವ್ವಾ, ಬಿದ್ದೇವಿ ಅಂತ ಹೇಳಬೇ ಇವರಿಗೆ. ಬ್ಯಾಸಗ್ಯಾಗ ನನಗ ಹೆಂಗ ಆಗ್ತೈತಿ ಅಂತ ನಿನಗ ಗೊತ್ತಿಲ್ಲೇನು? ನನ್ನ ಕೈಯಾಗ ಏನೈತಬೇ? ಹಂಗಾಮು ಶುರು ಆಗಲಿ, ಎಲ್ಲಾ ಸರಿ ಆಗ್ತೈತಿ. ಈ ಕಾಲ ಒಂದು ಹೋಗಲಿ."

ಹೇಳಿಕಿ ತಗೊಳ್ಳಾಕ ಬಂದ ಹೆಣ್ಣು ಪೊಲೀಸ್ ಬಾಯಾರು ಪೆನ್ ಹಿಡದು ಕುಂತಿದ್ರು. ಮುದುಕಿ ಮಗನ್ನ ಭಾಳೊತ್ತು ನೋಡಿದ್ಲು. ಆಕಿ ಒಂದು ಮಾತು ಅಂದ್ರ ಮುಗೀತು, ಬಿದ್ದೇವಿ ಅಂದ್ರ ಸಾಕು, ಈ ಹುಡುಗಿ ಮತ್ತ ಅದ ಮನಿಗೆ, ಅದ ಬೆಲ್ಟಿಗೆ. ಹಡದ ಕರಳು ಅದು, ಯಾವ ಕಡೆ ಜಗ್ಗತೈತಿ ಯಾರಿಗೆ ಗೊತ್ತು.

"ಮಳಿ ಬಡದ್ರ ಯಾರಿಗೂ ಅನ್ನಾಕ ಬರಂಗಿಲ್ಲ," ಅಂದ್ಲು ಮುದುಕಿ. "ನೀ ಮಳಿ ಅಲ್ಲಪಾ." ಆಮ್ಯಾಲ ಆ ಬಾಯಾರ ಕಡೆ ಹೊಳ್ಳಿ, ಸಣ್ಣ ದನಿಲೆ, "ನನ್ನ ಮಗ ಹೊಡದಾನ್ರಿ. ಬರಕೋರಿ," ಅಂದ್ಲು.

ಎದುರಿನ ಕಾಟಿನಿಂದ ಹುಡುಗಿ ತಲಿ ಎತ್ತಿದ್ಲು. ಒಂದ ಕಣ್ಣಿಲೆ ಅತ್ತಿ ತುಟಿ ನೋಡಿದ್ಲು, ಬಲಗಿವಿ ಆಕಡೆ ತಿರುವಿದ್ಲು. ಆಕಿಗೆ ಕೇಳಿರಲಿಲ್ಲ.

"ಇನ್ನೊಮ್ಮೆ ಹೇಳ್ರಿ ಅತ್ತಿ," ಅಂದ್ಲು.

ಮುದುಕಿ ಕಾಟಿನ ಕಬ್ಬಿಣ ಹಿಡದು ಎದ್ದು ಕುಂತು, ವಾರ್ಡಿನ ತುಂಬ ಕೇಳೂಹಂಗ ಇನ್ನೊಮ್ಮೆ ಹೇಳಿದ್ಲು.